ಒಂದು ಹೆಚ್ಚಿನ ಶರಣು

(ದೊಡ್ಡಬಳ್ಳಾಪುರದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



‘ಮಾನವ ಜೀವನದಲ್ಲಿ ಸೌಜನ್ಯ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿದರು. ನಾನು ಸಾಹಿತ್ಯ ಓದಿದವನಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿ, ಮೂವತ್ತು ಚಿಲ್ಲರೆ ವರ್ಷ ಸರ್ಕಾರದ ಕೆಲಸದಲ್ಲಿ ರಸ್ತೆ, ಮೋರಿ, ಕೆರೆ ಏರಿ ಅಳೆದುಕೊಂಡು ಬಂದವನು. ವಚನಗಳ ವ್ಯಾಖ್ಯಾನಕ್ಕೆ ನನಗಿಂತ ತಿಳಿದವರು ಇಲ್ಲೇ ಕುಳಿತಿದ್ದಾರೆ. ನನಗೆ ಗೊತ್ತಿರುವುದು ಅಳತೆ. ಸೌಜನ್ಯವನ್ನು ಎಲ್ಲಿ ನಿಂತು ಅಳೆಯಬೇಕು ಎನ್ನುವುದೊಂದನ್ನೇ ಇವತ್ತು ನಿಮ್ಮೊಂದಿಗೆ ಯೋಚನೆ ಮಾಡುತ್ತೇನೆ.

ಸೌಜನ್ಯ ಎಂದ ಕೂಡಲೇ ಈಗ ಮಕ್ಕಳಿಗೆ ಶಾಲೆಯಲ್ಲಿ ಕಲಿಸುವುದು ಮೂರು ಮಾತು: ಪ್ಲೀಸ್, ಸಾರಿ, ಥ್ಯಾಂಕ್ ಯೂ. ಒಳ್ಳೆಯ ಮಾತುಗಳೇ. ಆದರೆ ನಮ್ಮ ಅಜ್ಜಿಯರು ಈ ಮೂರನ್ನೂ ಆಡದೆ ಎಂಬತ್ತು ವರ್ಷ ಸೌಜನ್ಯದಿಂದ ಬದುಕಿ ಹೋದರು. ‘ದಯವಿಟ್ಟು’ ಎನ್ನುವುದು ಕನ್ನಡದಲ್ಲಿ ಬೋರ್ಡಿನ ಮೇಲೆ ಇರುತ್ತದೆ, ಬಾಯಲ್ಲಿ ಇರುವುದು ಕಡಿಮೆ. ‘ಧನ್ಯವಾದ’ ಸಭೆಯ ಕೊನೆಯ ವಂದನಾರ್ಪಣೆಗೆ ಮೀಸಲು. ಹಾಗಾದರೆ ನಮ್ಮ ಸೌಜನ್ಯ ಎಲ್ಲಿತ್ತು? ಕ್ರಿಯಾಪದದ ತುದಿಯಲ್ಲಿ ಇತ್ತು. ‘ಬಾ’ ಎನ್ನುವುದರ ಬದಲು ‘ಬನ್ನಿ’. ಹೊರಟು ನಿಂತವರು ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುತ್ತಿದ್ದರು. ಹೊತ್ತಿನ ಮೇಲೆ ಬಂದವರನ್ನು ಮೊದಲು ಕೇಳುತ್ತಿದ್ದುದು ‘ಊಟ ಆಯ್ತಾ?’ ಎಂದು. ಬಂದ ಕೆಲಸ ಏನು ಎನ್ನುವುದು ಆಮೇಲೆ. ಕನ್ನಡದಲ್ಲಿ ಮರ್ಯಾದೆ ಬೇರೆ ಪದವಾಗಿ ಬರುವುದಿಲ್ಲ, ಮಾತಿನೊಳಗೇ ಕೂತಿರುತ್ತದೆ. ಯಾರಿಗೆ ‘ಬನ್ನಿ’, ಯಾರಿಗೆ ‘ಬಾರೋ’ ಎಂದು ತೀರ್ಮಾನ ಮಾಡದೆ ನಾವು ಒಂದು ವಾಕ್ಯವನ್ನೂ ಮುಗಿಸಲಾರೆವು. ನಮ್ಮ ಭಾಷೆಗೆ ಇದು ಸೊಗಸೂ ಹೌದು, ಅಪಾಯವೂ ಹೌದು.

ಅಪಾಯ ಏನು ಎಂದು ನನಗೆ ಕಾಣಿಸಿದ್ದು ಮಸ್ಟರ್ ರೋಲಿನಲ್ಲಿ. ಎಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ರಸ್ತೆ ಕಾಮಗಾರಿಗೆ ದಿನಗೂಲಿ ಜನ ಬರುತ್ತಿದ್ದರು. ಅವರ ಹೆಸರು, ಹಾಜರಿ, ಕೂಲಿ ಎಲ್ಲ ಒಂದು ಉದ್ದನೆಯ ಹಾಳೆಯಲ್ಲಿ. ಕೊನೆಯ ಕಾಲಂನಲ್ಲಿ ಹೆಬ್ಬೆಟ್ಟು. ನಮ್ಮ ಈ ಸೀಮೆಯ ಹೆಸರುಗಳು ನಿಮಗೆ ಗೊತ್ತೇ ಇದೆ: ಮುನಿಯಪ್ಪ, ನರಸಿಂಹಯ್ಯ, ಹನುಮಂತಯ್ಯ, ಪಿಳ್ಳಪ್ಪ, ಮುನಿಯಮ್ಮ. ಆದರೆ ಹಾಳೆಯಲ್ಲಿ ಇರುತ್ತಿದ್ದುದು ಮುನಿಯ, ನರಸಿಂಹ, ಹನುಮ, ಪಿಳ್ಳ, ಮುನಿ. ಐವತ್ತು ದಾಟಿದ, ಮೊಮ್ಮಕ್ಕಳಿದ್ದ ಮನುಷ್ಯ ಕೂಡ ಮುನಿಯ. ಬರೆಯುತ್ತಿದ್ದ ಮೇಸ್ತ್ರಿಯನ್ನು ಒಮ್ಮೆ ಕೇಳಿದೆ, ಪೂರ್ತಿ ಹೆಸರು ಯಾಕೆ ಬರೆಯುವುದಿಲ್ಲ ಎಂದು. ‘ಕಾಲಂ ಚಿಕ್ಕದು ಸಾರ್, ಹಿಡಿಯಲ್ಲ’ ಎಂದ. ಅದೇ ಫೈಲಿನಲ್ಲಿ ಗುತ್ತಿಗೆದಾರರ ಹೆಸರು ಎರಡು ಇನಿಷಿಯಲ್, ಮುಂದೆ ‘ಶ್ರೀ’, ಹಿಂದೆ ‘ರವರು’ ಸಮೇತ ಅಷ್ಟೇ ಅಗಲದ ಕಾಲಂನಲ್ಲಿ ಹಿಡಿದು ಕೂತಿತ್ತು!

ಮುನಿಯನಿಗೂ ಮುನಿಯಪ್ಪನಿಗೂ ಇರುವ ವ್ಯತ್ಯಾಸ ಒಂದೇ ಅಕ್ಷರ. ನರಸಿಂಹನಿಗೂ ನರಸಿಂಹಯ್ಯನಿಗೂ ಒಂದೇ ಅಕ್ಷರ. ಆ ಒಂದು ಅಕ್ಷರಕ್ಕೆ ಶಾಯಿ ಎಷ್ಟು ಬೇಕು? ಅದನ್ನು ಮೇಸ್ತ್ರಿ ಕತ್ತರಿಸಲಿಲ್ಲ. ಊರಿನಲ್ಲಿ ಮೊದಲೇ ಕತ್ತರಿಸಿಯಾಗಿತ್ತು. ಹೊಲ, ಜಾತಿ, ಅಂತಸ್ತು ಇದ್ದವರಿಗೆ ‘ಅಪ್ಪ’ನೂ ‘ಅಯ್ಯ’ನೂ ಉಳಿದರು, ಇಲ್ಲದವರ ಹೆಸರಿನಿಂದ ಅಪ್ಪನನ್ನೂ ಅಯ್ಯನನ್ನೂ ತೆಗೆದುಹಾಕಿದರು. ಮೇಸ್ತ್ರಿ ಅದನ್ನು ಸರ್ಕಾರಿ ದಾಖಲೆಗೆ ಏರಿಸಿದ, ಅಷ್ಟೆ.

ಈಗ ಇದನ್ನು ಪಕ್ಕದಲ್ಲಿ ಇಟ್ಟುಕೊಂಡು ಹನ್ನೆರಡನೆಯ ಶತಮಾನದ ಕಲ್ಯಾಣದ ಹಾಜರಿಯನ್ನು ಓದಿ ನೋಡಿ. ಡೋಹರ ಕಕ್ಕಯ್ಯ. ಸಮಗಾರ ಹರಳಯ್ಯ. ಮಡಿವಾಳ ಮಾಚಯ್ಯ. ಅಂಬಿಗರ ಚೌಡಯ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಸೂಳೆ ಸಂಕವ್ವ. ಹೆಸರಿನ ಮುಂದೆ ಜಗತ್ತು ಯಾವುದನ್ನು ಹೀನ ಎಂದಿತ್ತೋ ಆ ಕಸುಬನ್ನು ಮುಚ್ಚಿಡದೆ ಹೇಳಿದರು; ಹೆಸರಿನ ಹಿಂದೆ ಅಯ್ಯ, ಅಕ್ಕ, ಅವ್ವ ಸೇರಿಸಿದರು. ನಾವು ಇದನ್ನು ನೂರು ಸಲ ಉಚ್ಚರಿಸಿದ್ದೇವೆ. ಪಟ್ಟಿ ಬಾಯಿಪಾಠವಾಗಿರುವುದರಿಂದ ಅದರೊಳಗಿನ ಕೆಲಸ ನಮಗೆ ಕಾಣುವುದೇ ಇಲ್ಲ. ಊರು ಕಿತ್ತುಕೊಂಡಿದ್ದ ಆ ಒಂದು ಅಕ್ಷರವನ್ನು ಶರಣರು ವಾಪಸು ಕೊಟ್ಟರು. ಸ್ವರ್ಗ ನರಕಗಳು ಸತ್ತ ಮೇಲೆ ಹೋಗುವ ಊರುಗಳಲ್ಲ, ಒಬ್ಬರನ್ನೊಬ್ಬರು ಕರೆಯುವ ರೀತಿಯಲ್ಲೇ ಇವೆ ಎಂಬರ್ಥದ ಬಸವಣ್ಣನವರ ವಚನ ನಿಮಗೆಲ್ಲ ಕಂಠಪಾಠ. ನಾನು ಅದನ್ನು ಇಲ್ಲಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕೆಲವರು ಕೇಳುತ್ತಾರೆ: ‘ನೀನು ಎನ್ನುವುದರಲ್ಲಿ ಪ್ರೀತಿ ಇರಬಾರದಾ? ನಮ್ಮ ತಾಯಿಗೆ ನಾವು ನೀನು ಎನ್ನುವುದಿಲ್ಲವಾ?’ ನಿಜ. ತಾಯಿಗೆ ನೀನು ಎನ್ನುತ್ತೇವೆ, ಗೆಳೆಯನಿಗೆ ಎನ್ನುತ್ತೇವೆ, ಶರಣರು ದೇವರಿಗೇ ಎಂದಿದ್ದಾರೆ. ಹೊಸಕೋಟೆ, ದೇವನಹಳ್ಳಿ ಕಡೆ ಹಳ್ಳಿಯ ಮುದುಕಿಯರು ಎದುರಿಗೆ ಡಿ.ಸಿ. ಸಾಹೇಬರೇ ಬಂದರೂ ‘ಬಾರಪ್ಪ, ಕೂತ್ಕೋ’ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಹಾಗಾಗಿ ಏಕವಚನವೆಲ್ಲ ಅವಮಾನ ಅಲ್ಲ, ಬಹುವಚನವೆಲ್ಲ ಗೌರವವೂ ಅಲ್ಲ. ಮತ್ತೆ ಅಳೆಯುವುದು ಹೇಗೆ? ನನಗೆ ತೋಚಿದ ಅಳತೆಗೋಲು ಒಂದೇ. ನಾನು ಆತನಿಗೆ ಯಾವ ಮಾತು ಕೊಟ್ಟೆನೋ ಅದೇ ಮಾತನ್ನು ಆತ ನನಗೆ ವಾಪಸು ಕೊಡಬಹುದೇ? ನಾನು ‘ಬಾರೋ’ ಎಂದಂತೆ ಆತನೂ ನನಗೆ ‘ಬಾರೋ’ ಎನ್ನಬಹುದಾದರೆ ಅದು ಸ್ನೇಹ. ಆತ ಹಾಗೆಂದರೆ ಜಗಳವಾಗುತ್ತದೆ ಎನ್ನುವುದಾದರೆ ಅದು ಪ್ರೀತಿ ಅಲ್ಲ. ನಮ್ಮ ಮನೆಯ ಹತ್ತು ವರ್ಷದ ಹುಡುಗ ತೋಟದ ಕೆಲಸಕ್ಕೆ ಬರುವ ಅರವತ್ತು ವರ್ಷದವರನ್ನು ಹೆಸರು ಹಿಡಿದು ಕರೆಯುತ್ತಾನಲ್ಲ, ಅಲ್ಲಿ ಈ ಕೋಲನ್ನು ಇಟ್ಟು ನೋಡಿ.

ಈ ಕೊಟ್ಟು ತೆಗೆದುಕೊಳ್ಳುವ ವಿಚಾರ ನಮ್ಮ ಪರಂಪರೆಯಲ್ಲಿ ಒಂದು ಕಥೆಯಾಗಿ ಉಳಿದಿದೆ. ಹರಳಯ್ಯನವರ ಕಥೆ. ಕಲ್ಯಾಣದ ಬೀದಿಯಲ್ಲಿ ಬಸವಣ್ಣನವರು ಎದುರಾದರು. ಅವರು ಬಿಜ್ಜಳನ ಭಂಡಾರಿ. ಇವರು ಚಪ್ಪಲಿ ಹೊಲಿಯುವವರು. ಹರಳಯ್ಯ ಕೈಮುಗಿದು ‘ಶರಣು’ ಎಂದರು. ಬಸವಣ್ಣನವರು ನಿಂತು ‘ಶರಣು ಶರಣಾರ್ಥಿ’ ಎಂದರು. ಹರಳಯ್ಯನವರ ಎದೆ ಭಾರವಾಯಿತು. ನಾನು ಕೊಟ್ಟದ್ದು ಒಂದು ಶರಣು, ಅವರು ಹಿಂತಿರುಗಿಸಿದ್ದು ಎರಡು. ಈ ಹೆಚ್ಚಿನ ಶರಣಿನ ಸಾಲವನ್ನು ಹೇಗೆ ತೀರಿಸಲಿ? ಮನೆಗೆ ಬಂದು ಪತ್ನಿ ಕಲ್ಯಾಣಮ್ಮನವರಿಗೆ ಹೇಳಿದರು. ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿ ಒಯ್ದು ಅರ್ಪಿಸಿದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು.

ಈ ಕಥೆಯನ್ನು ನಾವು ಹರಳಯ್ಯ ದಂಪತಿಗಳ ತ್ಯಾಗಕ್ಕಾಗಿ ಹೇಳುತ್ತೇವೆ. ಕೇಳಿದವರ ಕಣ್ಣು ತುಂಬುತ್ತದೆ. ತೊಡೆಯ ಚರ್ಮವನ್ನು ಇದ್ದದ್ದು ಇದ್ದಹಾಗೆ ನಂಬುವವರು ನಂಬಲಿ, ಸಂಕೇತ ಎನ್ನುವವರು ಹಾಗೆ ತಿಳಿಯಲಿ. ನನ್ನ ಪ್ರಶ್ನೆ ಬೇರೆ. ಒಂದು ನಮಸ್ಕಾರ ಒಬ್ಬ ಮನುಷ್ಯನಿಗೆ ಇಷ್ಟು ದೊಡ್ಡ ಸಾಲವಾಗಿ ಕಂಡದ್ದು ಏಕೆ? ಅದೇ ದಿನ ಅದೇ ಬೀದಿಯಲ್ಲಿ ಬಸವಣ್ಣನವರು ಎಷ್ಟು ಜನ ಅಧಿಕಾರಿಗಳಿಗೆ, ವ್ಯಾಪಾರಿಗಳಿಗೆ ನಮಸ್ಕಾರ ಮಾಡಿರಬಹುದು! ಅವರಲ್ಲಿ ಒಬ್ಬರೂ ಸಾಲ ಎಂದುಕೊಳ್ಳಲಿಲ್ಲ. ಅವರಿಗೆ ಅದು ದಿನಬೆಳಗಾದರೆ ಸಿಗುತ್ತಿದ್ದ ವಸ್ತು. ಹರಳಯ್ಯನವರು ತಲೆ ನರೆಯುವ ತನಕ ಎಲ್ಲರಿಗೂ ಕೈ ಮುಗಿದಿದ್ದರು, ತಿರುಗಿ ಕೈ ಮುಗಿದವರು ಇರಲಿಲ್ಲ. ಆ ಎರಡನೆಯ ಶರಣಿನ ತೂಕವನ್ನು ಬಸವಣ್ಣನವರ ದೊಡ್ಡತನ ಮಾತ್ರ ಕೊಡಲಿಲ್ಲ. ಅದಕ್ಕಿಂತ ಹೆಚ್ಚು ತೂಕ ಕೊಟ್ಟದ್ದು ಅಲ್ಲಿಯ ತನಕ ಆ ಊರು ಆತನಿಗೆ ಏನನ್ನೂ ಕೊಡದೆ ಇದ್ದದ್ದು. ಈ ಕಥೆ ಹೇಳುವಾಗ ನಮಗೆ ಹೆಮ್ಮೆಯಾಗುತ್ತದೆ. ಜೊತೆಗೆ ಸ್ವಲ್ಪ ನಾಚಿಕೆಯೂ ಆಗಬೇಕು ಎಂದು ನನ್ನ ಅಭಿಪ್ರಾಯ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಪಾದರಕ್ಷೆ ಮೆಟ್ಟಲು ಹೋದ ಮಂತ್ರಿ ಮಧುವರಸರ ಮೈ ಉರಿದು, ಮನಸ್ಸು ತಿರುಗಿ, ಅವರೂ ಶರಣರಾದರು. ಮುಂದೆ ಹುಟ್ಟಿನಿಂದ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಕಲ್ಯಾಣ ಏರ್ಪಟ್ಟಿತು. ಬೀದಿಯಲ್ಲಿ ಶರಣು ಹೇಳುವ ತನಕ ಸಹಿಸಿಕೊಂಡಿದ್ದ ಊರು ಇದನ್ನು ಸಹಿಸಲಿಲ್ಲ. ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾಯಿತು, ಕಲ್ಯಾಣ ಚದುರಿತು. ಸೌಜನ್ಯವೆಂದರೆ ಮೃದು ಸ್ವಭಾವದವರ ಚಂದದ ಅಭ್ಯಾಸ ಎಂದುಕೊಂಡವರು ಇಲ್ಲಿ ನಿಂತು ಯೋಚಿಸಬೇಕು. ಬಾಯಿಮಾತಿನ ಮರ್ಯಾದೆಯನ್ನು ನಿಜವೆಂದು ನಂಬಿ ಅದರಂತೆ ನಡೆದದ್ದಕ್ಕೆ ಎರಡು ಮನೆಗಳು ಪ್ರಾಣ ಕೊಟ್ಟವು.

ಹಾಗೆಂದು ಸೌಜನ್ಯ ಎಂದರೆ ಸಿಹಿಮಾತು ಎಂದೂ ತಿಳಿಯಬಾರದು. ಅಂಬಿಗರ ಚೌಡಯ್ಯನವರ ವಚನ ಓದಿದವರಿಗೆ ಗೊತ್ತು, ಆ ನಾಲಿಗೆಯಲ್ಲಿ ಬೆಣ್ಣೆ ಇಲ್ಲ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ನೋಡಿ, ಎಷ್ಟು ಕಟು! ಆದರೆ ಅವರು ಕಟುವಾದದ್ದು ಸರಿಸಮಾನರ ಜೊತೆ, ಡಾಂಭಿಕರ ಜೊತೆ, ಎದುರುತ್ತರ ಕೊಡಬಲ್ಲವರ ಜೊತೆ. ಬಲವಿಲ್ಲದವರ ಮೇಲೆ ಗಡಸು ಬಾಯಿ ಮಾಡಲಿಲ್ಲ. ನಮ್ಮಲ್ಲಿ ಎಷ್ಟೋ ಸಲ ಇದು ತಿರುವುಮುರುವು. ಮೇಲಿನವರ ಮುಂದೆ ‘ಸದುವಿನಯ’, ಕೆಳಗಿನವರ ಮೇಲೆ ಚೌಡಯ್ಯನವರ ಬಾಯಿ.

ನನ್ನ ವೃತ್ತಿಯ ಒಂದು ಅನುಭವ ಹೇಳುತ್ತೇನೆ. ಊರು, ಹೆಸರು ಬೇಡ. ಒಂದು ಮಳೆಗಾಲ ದೊಡ್ಡ ಕೆರೆಯ ಏರಿ ಜಿನುಗುತ್ತಿದೆ ಎಂದು ದೂರು ಬಂತು. ಮೇಲಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಇಳಿಯುತ್ತಲೇ ನೀರುಗಂಟಿಯನ್ನು ‘ಏಯ್, ಬಾರೋ ಇಲ್ಲಿ, ಎಲ್ಲೋ ಜಿನುಗ್ತಿರೋದು?’ ಎಂದರು. ಆತ ತೂಬಿನ ಹತ್ತಿರ ಒದ್ದೆಯಾಗಿದ್ದ ಜಾಗ ತೋರಿಸಿ ಸುಮ್ಮನಾದ. ಅಲ್ಲಿ ಮಣ್ಣು ಹಾಕಿಸಿ ಎಂದು ಅಪ್ಪಣೆಯಾಯಿತು. ಮಾರನೆಯ ವಾರ ಇನ್ನೊಬ್ಬ ಹಿರಿಯ ಇಂಜಿನಿಯರ್ ಬಂದರು. ಏರಿಯ ಮೇಲೆ ಆ ನೀರುಗಂಟಿಯ ಪಕ್ಕದಲ್ಲೇ ಕೂತು, ‘ಯಜಮಾನ್ರೇ, ಎಷ್ಟು ವರ್ಷದಿಂದ ಈ ಕೆರೆ ನೋಡ್ತಿದ್ದೀರಿ?’ ಎಂದು ಕೇಳಿದರು. ಆತನ ತಾತನ ಕಾಲದಿಂದ ಮಾತು ಶುರುವಾಯಿತು. ಅರ್ಧ ಗಂಟೆಯಾದ ಮೇಲೆ ಆತ ಎದ್ದು ನಮ್ಮನ್ನು ಕೋಡಿಯ ಕಡೆಗೆ ನಡೆಸಿಕೊಂಡು ಹೋಗಿ, ಏರಿಯ ಹಿಂಬದಿಯಲ್ಲಿ ಜೊಂಡಿನ ಮರೆಯಲ್ಲಿದ್ದ ಇನ್ನೊಂದು ಜಾಗ ತೋರಿಸಿದ. ಅಲ್ಲಿ ಬರುತ್ತಿದ್ದ ನೀರು ಮಣ್ಣಿನ ಬಣ್ಣದ್ದು. ಇಲ್ಲಿರುವ ಇಂಜಿನಿಯರುಗಳಿಗೆ ಇದರ ಅರ್ಥ ಗೊತ್ತು: ಏರಿಯಿಂದ ತಿಳಿನೀರು ಜಿನುಗಿದರೆ ಕಾದು ನೋಡಬಹುದು, ಕೆಂಪು ನೀರು ಬಂದರೆ ಒಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆ. ‘ಹೋದ ವಾರ ಯಾಕೆ ಹೇಳಲಿಲ್ಲ?’ ಎಂದರೆ ಆತ, ‘ಅವರು ಕೇಳಲಿಲ್ಲ ಸಾಮಿ, ಕೂಗಿದ್ರು’ ಎಂದ.

ಹಾಗಾದರೆ ಸೌಜನ್ಯದಿಂದ ಲಾಭವಿದೆ ಎಂದಾಯಿತು. ಇದೆ. ಈಗಿನ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಅದನ್ನೇ ಹೇಳುತ್ತಾರೆ. ಆದರೆ ಲಾಭಕ್ಕಾಗಿ ಮಾಡಿದ ಸೌಜನ್ಯ ಲಾಭ ಮುಗಿದ ದಿನ ಮುಗಿಯುತ್ತದೆ. ಆ ಹಿರಿಯರು ಪಕ್ಕದಲ್ಲಿ ಕೂತದ್ದು ಗುಟ್ಟು ತಿಳಿಯಲಿಕ್ಕಲ್ಲ. ಅವರು ಎಲ್ಲಿ ಹೋದರೂ ಹಾಗೆಯೇ ಕೂರುತ್ತಿದ್ದರು.

ನಮ್ಮ ಜಿಲ್ಲೆ 1986ರಲ್ಲಿ ಆದದ್ದು. ಆದರೂ ಎಷ್ಟೋ ವರ್ಷ ಜಿಲ್ಲಾ ಕಚೇರಿ ಬೆಂಗಳೂರು ನಗರದೊಳಗೇ ಇತ್ತು. ಒಂದು ಸಹಿಗೆ ಬಸ್ ಹತ್ತಿ ಹೋಗಬೇಕಿತ್ತು. ಈಗ ಬೀರಸಂದ್ರದ ಬಳಿ ದೊಡ್ಡ ಕಟ್ಟಡವಾಗಿದೆ, ಅನುಕೂಲವಾಗಿದೆ. 2012ರಲ್ಲಿ ‘ಸಕಾಲ’ ಬಂತು, ಯಾವ ಅರ್ಜಿ ಎಷ್ಟು ದಿನದಲ್ಲಿ ವಿಲೇವಾರಿಯಾಗಬೇಕು ಎಂದು ಕಾನೂನೇ ಹೇಳುತ್ತದೆ. 2024ರ ಜನವರಿಯಲ್ಲಿ ಸಚಿವ ಸಂಪುಟ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸರ್ಕಾರಿ ಕಚೇರಿಗಳ ಗೋಡೆಯ ಮೇಲೆ ಅವರ ಭಾವಚಿತ್ರ ಬಂತು. ನಮಗೆಲ್ಲ ಸಂತೋಷ. ಆದರೆ ಆ ಚಿತ್ರದ ಕೆಳಗೆ ನಡೆಯುವ ಮಾತುಕತೆಯನ್ನು ಕೇಳಿಸಿಕೊಳ್ಳಿ. ಪಿಂಚಣಿ ನಿಂತಿದೆ ಎಂದು ಬಂದ ಅಜ್ಜಿಗೆ ‘ಏನಮ್ಮಾ ನಿಂದು? ಆ ಕಡೆ ಹೋಗು’. ಅರ್ಜಿಗೆ ಎಷ್ಟು ದಿನ ಎಂದು ಕಾಯಿದೆ ಹೇಳಬಹುದು. ಅಜ್ಜಿಯನ್ನು ‘ಕೂತ್ಕೊಳ್ಳಿ’ ಎನ್ನಬೇಕೆಂದು ಯಾವ ಕಾಯಿದೆ ಹೇಳಲಾದೀತು? ಮನೆಗೆ ಬಂದವರ ಕ್ಷೇಮ ಕೇಳಿ ಕೂರಿಸಲು ನಿನಗೆ ಖರ್ಚೇನು ಎಂದು ಬಸವಣ್ಣನವರು ಕೇಳಿದ್ದು ಇದನ್ನೇ. ಕೊಡುವ ಕೈ ಇಲ್ಲದಿದ್ದರೂ ಆದೀತು, ಮಾತಿನ ಗುಣವಾದರೂ ಇರಲಿ ಎಂಬುದು ಅದರ ತಿರುಳು. ನೌಕರರ ಕಷ್ಟವೂ ನನಗೆ ಗೊತ್ತು: ಮೂವರ ಕೆಲಸ ಒಬ್ಬರಿಗೆ, ಸರ್ವರ್ ಕೈಕೊಡುತ್ತದೆ, ಮೇಲಿನವರು ಅವರಿಗೂ ಏಕವಚನದಲ್ಲೇ ಮಾತನಾಡುತ್ತಾರೆ. ಮೇಲಿಂದ ಬಿದ್ದದ್ದನ್ನು ಅವರು ಕೆಳಕ್ಕೆ ದಾಟಿಸುತ್ತಾರೆ.

ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಸಮವಸ್ತ್ರ ತೊಟ್ಟು ಅಲ್ಲಿ ಕೆಲಸಕ್ಕೆ ಹೋಗುತ್ತಾರೆ. ‘ಗುಡ್ ಮಾರ್ನಿಂಗ್ ಸರ್’ ಎನ್ನುವುದಕ್ಕೆ ಅವರಿಗೆ ತರಬೇತಿ ಇದೆ. ಪರಿಚಯದ ಹುಡುಗನೊಬ್ಬನನ್ನು ಕೇಳಿದೆ, ‘ತಿರುಗಿ ಎಷ್ಟು ಜನ ಹೇಳ್ತಾರಪ್ಪ?’ ಎಂದು. ನಕ್ಕು, ‘ಫೋನ್‌ನಲ್ಲಿರ್ತಾರೆ ಅಂಕಲ್’ ಎಂದ. ಇಲ್ಲೇ ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ. ಹೊಲಿಗೆಯ ಆಯಾಸ ರಾತ್ರಿ ನಿದ್ದೆಗೆ ಹೋಗುತ್ತದೆ, ಸೂಪರ್‌ವೈಸರ್ ಆಡಿದ ಮಾತು ಬೆಳಗ್ಗೆಯೂ ಹೋಗಿರುವುದಿಲ್ಲ ಎನ್ನುತ್ತಾರೆ. ಕಾಯಕವೇ ಕೈಲಾಸ ಎಂದು ನಾವು ಬ್ಯಾನರ್ ಕಟ್ಟುತ್ತೇವೆ. ಕಾಯಕ ಮಾಡುವವರನ್ನು ಕರೆಯುವ ರೀತಿ ಇದು.

ಹೊರಗಿನವರ ಮಾತು ಸಾಕು, ನಮ್ಮ ಮನೆಗಳ ಒಳಗೆ ಬರೋಣ. 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆ ಕೆಲಸದವರಿಗೆ ‘ಪೌರಕಾರ್ಮಿಕರು’ ಎಂಬ ಗೌರವದ ಹೆಸರು ಬಂತು, ಸೆಪ್ಟೆಂಬರ್ 23 ಅವರ ದಿನವೂ ಆಯಿತು. ಬೆಳಗ್ಗೆ ಗಾಡಿ ಬಂದಾಗ ನಮ್ಮ ಮನೆಯೊಳಗಿಂದ ಬರುವ ಕೂಗು ಯಾವುದು? ‘ಕಸದವನು ಬಂದ’. ಕಸ ನಮ್ಮದು, ಹೆಸರು ಅವರಿಗೆ. ಮನೆಗೆಲಸದವರಿಗೆ ಕಾಫಿ ಕೊಡುವ ಲೋಟ ಸಿಂಕಿನ ಕೆಳಗೆ ಬೇರೆಯಾಗಿ ಇರುವ ಲಿಂಗಾಯತರ ಮನೆಗಳು ಎಷ್ಟಿವೆ, ನಾನು ಎಣಿಸಲು ಹೋಗುವುದಿಲ್ಲ. ಆ ಮನೆಯ ಹಜಾರದಲ್ಲಿ ಬಸವಣ್ಣನವರ ಫೋಟೋ ಇರುತ್ತದೆ, ಹರಳಯ್ಯನವರ ಪಾದರಕ್ಷೆಯ ಚಿತ್ರವೂ ಇರಬಹುದು. ಇಲ್ಲಿಂದ ನೆಲಮಂಗಲ ದಾಟಿ ಮುಂದೆ ಹೋದರೆ ಸಿದ್ಧಗಂಗೆ. ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ ಲಿಂಗೈಕ್ಯರಾಗುವ ತನಕ ಸಾವಿರಾರು ಮಕ್ಕಳು, ಯಾವ ಜಾತಿ ಎಂದು ಕೇಳಿಸಿಕೊಳ್ಳದೆ, ಒಂದೇ ಸಾಲಿನಲ್ಲಿ ಕುಳಿತು ಉಂಡರು. ಈಗಲೂ ಉಣ್ಣುತ್ತಿದ್ದಾರೆ. ಅಲ್ಲಿ ಓದಿ ಬಂದ ಎಷ್ಟೋ ಜನ ನಮ್ಮ ನಡುವೆ ಇದ್ದಾರೆ. ಆ ಸಾಲಿನಲ್ಲಿ ಕೂತು ಬೆಳೆದವರ ಮನೆಯಲ್ಲಾದರೂ ಆ ಬೇರೆ ಲೋಟ ಇರಬಾರದಲ್ಲವೇ?

ಕಡೆಯದಾಗಿ, ನಮ್ಮ ಗೋಷ್ಠಿಯ ಈ ಆಹ್ವಾನ ಪತ್ರಿಕೆ. ಇದರಲ್ಲಿ ಪೂಜ್ಯರ ಹೆಸರಿದೆ, ಅಧ್ಯಕ್ಷರದು, ದಾಸೋಹ ಸೇವೆ ವಹಿಸಿಕೊಂಡವರದು, ನನ್ನದು ಕೂಡ, ‘ಶ್ರೀಯುತ’ ಸಮೇತ. ಹಿಂದಿನ ಅಡುಗೆ ಮನೆಯಲ್ಲಿ ಬೆಳಗಿನ ಜಾವದಿಂದ ನಾಲ್ಕು ಜನ ಇದ್ದಾರೆ. ತಟ್ಟೆ ತೊಳೆಯಲು ಇಬ್ಬರು ತಾಯಂದಿರು ಇದ್ದಾರೆ. ಇಲ್ಲಿಗೆ ಬರುವ ಮೊದಲು ನಾನು ಒಳಗೆ ಹೋಗಿ ಅವರಿಗೆ ಶರಣು ಹೇಳಿ ಹೆಸರು ಕೇಳಿದೆ. ಒಬ್ಬರು ಮೊದಲು ‘ಮುನಿ’ ಎಂದರು. ‘ಪೂರ್ತಿ ಹೇಳಿ ಅಮ್ಮ’ ಎಂದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ‘ಮುನಿಯಮ್ಮ’ ಎಂದರು. ಮುಂದಿನ ತಿಂಗಳ ಪತ್ರಿಕೆ ಇಪ್ಪತ್ತನೇ ತಾರೀಕು ಅಚ್ಚಿಗೆ ಹೋಗುತ್ತದೆಯಂತೆ. ಆರೂ ಹೆಸರುಗಳನ್ನು ಈ ಚೀಟಿಯಲ್ಲಿ ಪೂರ್ತಿಯಾಗಿ ಬರೆದು ಕಾರ್ಯದರ್ಶಿಗಳ ಕೈಗೆ ಕೊಡುತ್ತಿದ್ದೇನೆ. ಜಾಗ ಸಾಲದಿದ್ದರೆ ನನ್ನ ಹೆಸರಿನ ಮುಂದಿನ ‘ಶ್ರೀಯುತ’ವನ್ನೂ ಹಿಂದಿನ ಡಿಗ್ರಿಯನ್ನೂ ತೆಗೆಯಬಹುದು.

ಶರಣು ಶರಣಾರ್ಥಿಗಳು.